ಎರಿ ಬಿಸಿಲಿಗೆ ಕರಗುತ್ತದಾ?

ಕುಕನೂರು ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರಮಾವ ಹೋದ ವರ್ಷ ಹಿತ್ತಲಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟರು. ಜೊತೆಗೆ ಒಂದು ಚಿಕ್ಕ ಪುಸ್ತಕ ಬಂದಿತ್ತು. ಬರೆದವರು ಮಲೆನಾಡಿನ ಕಡೆಯವರಿರಬೇಕು. ಎರಿ ಬಿಸಿಲಿಗೆ ಕರಗುತ್ತದೆ, ನೆರಳಿರಲಿ ಅಂತ ಅದರಲ್ಲೊಂದು ಸಾಲು. ಮಾವ ಓದಿ ನಕ್ಕರು. "ಎರಿ ಬಿಸಲಿಗೆ ಬಿರಕ ಬಿಡ್ತೈತಿ. ಕರಗೂದು ಹೆಂಗಪಾ?"

ಅವರ ತಪ್ಪೇನಿಲ್ಲ. ಕೊಪ್ಪಳ, ರಾಯಚೂರು ಕಡೆ ಎರಿ ಅಂದರೆ ಕಪ್ಪು ಮಣ್ಣು. ಹೊಲ ಎರಡೇ ಥರ, ಒಂದು ಎರಿ, ಇನ್ನೊಂದು ಮಸಾರಿ, ಅಂದರೆ ಕೆಂಪು ಮಣ್ಣು. ಪುಸ್ತಕದ ಎರಿ ಮೇಣದ್ದು, ಆರು ಮೂಲೆಯ ಕೋಣೆಗಳ ಹಾಳೆ. ಇದೇನೋ ಹೊಲದ ಮಾತು ಅಂದುಕೊಂಡು ಮಾವ ಮುಂದಿನ ಪುಟಕ್ಕೆ ಹೋದರು. ಪೆಟ್ಟಿಗೆ ತಗಡಿನ ಚಪ್ಪರದ ಕೆಳಗೇ ಉಳಿಯಿತು.

ಮೇಣ ಪೂರ್ತಿ ಕರಗೋಕೆ 62ರಿಂದ 64 ಡಿಗ್ರಿ ಬೇಕು. ಆದರೆ 40 ದಾಟಿದರೆ ಮೆತ್ತಗಾಗುತ್ತಾ ಹೋಗುತ್ತದೆ, ಹೊಸ ಎರಿಯಂತೂ ಜೇನಿನ ಭಾರ ತಡೆಯೋದಿಲ್ಲ. ಮರಿ ಇರುವ ಜಾಗ 34-35 ಡಿಗ್ರಿ ದಾಟಬಾರದು ಅಂತ ಹುಳಗಳು ನೀರು ತಂದು ಹನಿಸಿ ರೆಕ್ಕೆ ಬೀಸುತ್ತವೆ. ಏಪ್ರಿಲ್‌ನಲ್ಲಿ ಪೆಟ್ಟಿಗೆಗೆ ಕಿವಿ ಕೊಟ್ಟರೆ ದೂರದ ಗಿರಣಿ ಸದ್ದು. ತಗಡಿನ ಕಾವಿಗೆ ಅದು ಸಾಲಲಿಲ್ಲ. ಒಂದು ಮಧ್ಯಾಹ್ನ ಮುಚ್ಚಳ ತೆಗೆದರೆ ಒಂದು ಎರಿ ಚೌಕಟ್ಟಿನಿಂದ ಜಾರಿ, ತಳದಲ್ಲಿ ಒದ್ದೆ ಬಟ್ಟೆಯ ಹಾಗೆ ಮಡಚಿ ಬಿದ್ದಿತ್ತು. ಸೋರಿದ ಜೇನಿಗೆ ಪೆಟ್ಟಿಗೆಯ ಕಾಲಿನುದ್ದಕ್ಕೂ ಇರುವೆ. ವಾರದೊಳಗೆ ಹುಳ ಗೂಡು ಬಿಟ್ಟು ಹೋದವು. ಉಳಿದೊಂದು ಪೆಟ್ಟಿಗೆ ಈಗ ಬೇವಿನ ಬುಡದಲ್ಲಿದೆ, ಮೇಲೆ ಹಸಿ ಗೋಣಿಚೀಲ.

ಈಗ ನನ್ನ ಪ್ರಶ್ನೆ. ಪುಸ್ತಕದ ಆ ಎರಿಗೆ ನಮ್ಮ ಕಡೆ ಪದ ಯಾವುದು? ಮೊದಲು ಬಾಯಿಗೆ ಬರೋದು 'ಹುಟ್ಟು'. ಆದರೆ ಹುಟ್ಟು ಅಂದರೆ ಹುಳ, ಮರಿ, ಜೇನು ಎಲ್ಲ ಸೇರಿ ಇಡೀ ಗೂಡು. ಒಂದು ಪೆಟ್ಟಿಗೆಯಲ್ಲಿ ಆರು ಹುಟ್ಟು ಅಂದರೆ ಕೇಳೋಕೇ ಸರಿ ಇಲ್ಲ, ಅಲ್ವಾ?

ನನಗನ್ನಿಸೋದು ಇಷ್ಟು. ನಮ್ಮ ಬಯಲಲ್ಲಿ ಜಾಸ್ತಿ ಕಣ್ಣಿಗೆ ಬೀಳೋದು ಹೆಜ್ಜೇನು, ಕೋಲುಜೇನು. ಹೆಜ್ಜೇನು ಬಂಡೆಗೋ ನೀರಿನ ಟ್ಯಾಂಕಿಗೋ ಜೋತುಬೀಳುತ್ತದೆ. ಕೋಲುಜೇನು ಜಾಲಿಯ ಕಡ್ಡಿಗೆ ಅಂಗೈಯಷ್ಟಗಲ ಕಟ್ಟುತ್ತದೆ. ಎರಡೂ ಕಟ್ಟೋದು ಒಂದೇ ಹಾಳೆ. ಹಾಳೆಯೇ ಗೂಡು. ಇನ್ನೊಂದು ಪದ ಯಾಕೆ ಬೇಕು? ಪೆಟ್ಟಿಗೆಯಲ್ಲಿ ಸಾಕೋ ತುಡುವೆ ಜೇನು ಹಾಗಲ್ಲ, ಪೊಟರೆಯೊಳಗೆ ಒಂದರ ಪಕ್ಕ ಒಂದು ಹಾಳೆ ಕಟ್ಟುತ್ತದೆ. ಅದನ್ನು ಸಾಕಿದವರಿಗೆ ಹಾಳೆಗೊಂದು, ಗೂಡಿಗೊಂದು ಪದ ಬೇಕೇಬೇಕು. ನಮಗೆ ಆ ಕಷ್ಟ ಬಂದದ್ದು ಪೆಟ್ಟಿಗೆ ಬಂದ ಮೇಲೆ.

(ಪದದಲ್ಲಿ ನಾವು ಜುಗ್ಗರೇ. ಕಡಿಯೋದೂ ಜೇನು, ನೆಕ್ಕೋದೂ ಜೇನು. ಬಳ್ಳಾರಿಯ ತೆಲುಗು ಮನೆಗಳಲ್ಲಿ ನೆಕ್ಕೋದು ತೇನೆ, ಕಡಿಯೋದು ತೇನೆಟೀಗ.)

ಮಾವ ಈಗ ಸುಮ್ನೆ 'ರೊಟ್ಟಿ' ಅಂತಾರೆ. "ನಾಕು ರೊಟ್ಟಿ ತುಂಬ್ಯಾವ, ಇನ್ನೆರಡಕ್ಕ ಮುಚ್ಚಳ ಬಿದ್ದಿಲ್ಲ." (ಮುಚ್ಚಳ ಅಂದರೆ ಜೇನು ತುಂಬಿದ ಕೋಣೆಗೆ ಹುಳ ಹಾಕೋ ಮೇಣದ ಮುಚ್ಚಳ.) 'ಜೇನುರೊಟ್ಟು' ಅಂತ ಅಚ್ಚಿನಲ್ಲಿ ನೋಡಿದ್ದೇನೆ, ಆದರೆ ಮಾವ ಅದನ್ನು ಓದಿದವರಲ್ಲ. ಅತ್ತೆಗೆ ಮಾತ್ರ ತಕರಾರು: "ರೊಟ್ಟಿ ತೆಗದೀನಿ ಬಾ ಅಂದ್ರ ಪಲ್ಯ ತರಲೋ, ಪಾತೇಲಿ ತರಲೋ?"

ಸಿರುಗುಪ್ಪ, ಸಂಡೂರು, ಮಾನ್ವಿ, ಲಿಂಗಸುಗೂರು ಕಡೆಯವರು ಹೇಳಿ. ನಿಮ್ಮಲ್ಲಿ ಜೇನು ಬಿಡಿಸುವ ಹಿರಿಯರು ಒಂದು ಹಾಳೆಗೆ ಏನಂತಾರೆ? ಪುಸ್ತಕದ ಪದ ಬೇಡ, ಕಿವಿಯಾರೆ ಕೇಳಿದ್ದು ಬರೆಯಿರಿ.