ಅಪ್‌ಡೇಟ್: ನಮ್ಮೂರ ನೀರಿನ ಲೆಕ್ಕ
ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ಬೋರ್‌ಗಳು ಬತ್ತುತ್ತಿವೆ, ಊರವರೇ ಕೂತು ಏನು ಮಾಡಬಹುದು ಅಂತ ಕೇಳಿದ್ದೆನಲ್ಲ. ನೀವು ಹೇಳಿದಂತೆ ಪುಣೆಯಲ್ಲಿರುವ ನಮ್ಮೂರ ಹುಡುಗರೆಲ್ಲ ಸೇರಿ ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಳ್ಳಿ ಹಿವರೆ ಬಾಜಾರ್‌ಗೆ ಹೋಗಿ ಬಂದೆವು. ಅಲ್ಲಿ ಪ್ರತಿ ವರ್ಷ ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಹಾಕುತ್ತಾರೆ, ಮಳೆ ಎಷ್ಟು ಬಿತ್ತು, ಬಾವಿಯಲ್ಲಿ ನೀರೆಷ್ಟಿದೆ ಅಂತ ನೋಡಿ, ಮೊದಲು ಜನಕ್ಕೆ, ದನಕರುಗಳಿಗೆ ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕಂತೆ ಬೆಳೆ. ನೀರಾವರಿಗೆ ಬೋರ್ ಕೊರೆಸುವಂತಿಲ್ಲ. ಕಬ್ಬು, ಬಾಳೆ ಇಲ್ಲ. ಗುಡ್ಡಕ್ಕೆ ದನ ಬಿಡುವಂತೆಯೂ ಇಲ್ಲ.

ಊರಲ್ಲಿ ಇದನ್ನೆಲ್ಲ ಹೇಳಿದೆವು. ಮಳೆ ಅಳೆಯೋಕೆ ಎಲ್ಲರೂ ಹೂಂ ಅಂದರು, ಕಬ್ಬಿನ ಮಾತು ಬಂದ ಕೂಡಲೇ ಜಗಳ (ಗೊತ್ತಿದ್ದದ್ದೇ ಬಿಡಿ). ನಿಂಬೆ ತೋಟದವರು ಮಾತ್ರ ನಮ್ಮ ಕಡೆ. ಸದ್ಯಕ್ಕೆ ಬಾವಿಗಳ ನೀರಿನ ಮಟ್ಟ ಬರೆದಿಡೋದು ಶುರುವಾಗಿದೆ.