ಬೇಟೆ ರೈಫಲಿನ ಸಪ್ರೆಸರ್: ಟೈಟಾನಿಯಂ ತೆಗೆದುಕೊಳ್ಳಲಾ, ಸ್ಟೀಲ್ ತೆಗೆದುಕೊಳ್ಳಲಾ?

ಪೆರ್ಲದ ಹುಡುಗ
ಎಲ್ಲರಿಗೂ ನಮಸ್ಕಾರ. ಊರು ಪೆರ್ಲ, ಈಗ ಇರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ. ಇಲ್ಲಿ ಜಿಂಕೆ, ಥಾರ್ (ಹಿಮಾಲಯದ ಕಾಡು ಆಡು) ಬೇಟೆಗೆ ಅನುಮತಿ ಸಿಗುತ್ತದೆ. ಹೊರಗಿನಿಂದ ತಂದು ಬಿಟ್ಟ ಪ್ರಾಣಿಗಳು, ಗುಡ್ಡದ ಗಿಡಗಳನ್ನೆಲ್ಲ ಮೇಯ್ದು ಹಾಳು ಮಾಡುತ್ತವೆ. ನನ್ನದು 308 ಗುಂಡಿನ ಬೋಲ್ಟ್ ರೈಫಲ್, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ಇಲ್ಲಿ ನಳಿಗೆಯ ತುದಿಗೆ ಸದ್ದು ತಗ್ಗಿಸುವ ಸಪ್ರೆಸರ್ ಹಾಕುವುದು ಮಾಮೂಲು. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಟೈಟಾನಿಯಂ, ಇನ್ನೊಂದು 17-4 ಸ್ಟೇನ್‌ಲೆಸ್ ಸ್ಟೀಲ್. ಟೈಟಾನಿಯಂ ಹಗುರ, ಬೆಲೆ ಜಾಸ್ತಿ. ದಿನವಿಡೀ ಗುಡ್ಡ ಹತ್ತಬೇಕು, ಹಾರಿಸುವುದು ಒಂದೋ ಎರಡೋ ಗುಂಡು. ಯಾವುದು ತೆಗೆದುಕೊಳ್ಳಲಿ?

ಬದಿಯಡ್ಕದ ಹವಾಲ್ದಾರ್
ಸ್ಟೀಲ್. ಯೋಚನೆಯೇ ಬೇಡ. ಟೈಟಾನಿಯಂ 400 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಗುಂಡಿನ ಹಿಂದೆ ಬರುವ ಗ್ಯಾಸ್ ಅದಕ್ಕಿಂತ ಎಷ್ಟೋ ಬಿಸಿ. ಮೊದಲ ಪೆಟ್ಟು ತಿನ್ನುವುದು ನಳಿಗೆಯ ಬಾಯಿಗೆ ಹತ್ತಿರ ಇರುವ ಬ್ಯಾಫಲ್, ಅಂದರೆ ಸಪ್ರೆಸರಿನ ಒಳಗೆ ಗ್ಯಾಸ್ ತಡೆಯುವ ತಟ್ಟೆ. ಅದು ಸವೆದರೆ ಮುಗಿಯಿತು. ಅದಲ್ಲದೆ ಟೈಟಾನಿಯಂ ಚೂರು ಉರಿದು ಬಿಳಿ ಕಿಡಿ ಹಾರುತ್ತದೆ, ರಾತ್ರಿ ದೂರಕ್ಕೇ ಕಾಣುತ್ತದೆ. ಸೇನೆಗೆ ಮಾಡುವ ಸಪ್ರೆಸರ್‌ಗಳಲ್ಲಿ ಸ್ಟೇನ್‌ಲೆಸ್ ಮತ್ತು ಇಂಕೊನೆಲ್ (ಬಿಸಿ ತಾಳುವ ನಿಕ್ಕಲ್ ಮಿಶ್ರಲೋಹ) ಯಾಕೆ ಹಾಕುತ್ತಾರೆ ಅಂತ ಯೋಚಿಸಿ.

ಮುಳ್ಳೇರಿಯ ರೈ
"ಸೇನೆಗೆ ಮಾಡುವ" ಅಂದಿರಲ್ಲ ಹವಾಲ್ದಾರರೇ, ಅವನು ಹೋಗುವುದು ಯುದ್ಧಕ್ಕಾ? ಮ್ಯಾಗಜಿನ್ ಮೇಲೆ ಮ್ಯಾಗಜಿನ್ ಖಾಲಿ ಮಾಡಿದರೆ ಸಪ್ರೆಸರ್ 400 ಡಿಗ್ರಿಗೆ ಹೋಗುತ್ತದೆ. ಬೋಲ್ಟ್ ಎಳೆದು ಎರಡು ಗುಂಡು ಹಾರಿಸಿದರೆ ಅಷ್ಟು ಬಿಸಿ ಆಗುವುದೇ ಇಲ್ಲ. ಸ್ಟೀಲಿನ ಸಾಂದ್ರತೆ 7.8, ಟೈಟಾನಿಯಂ ಮಿಶ್ರಲೋಹದ್ದು 4.4. ಅದೇ ಅಳತೆಯ ವಸ್ತು 40 ಶೇಕಡಕ್ಕಿಂತ ಜಾಸ್ತಿ ಹಗುರ. ಆ ಭಾರ ಇರುವುದು ನಳಿಗೆಯ ತುದಿಯಲ್ಲಿ. ನಿಂತು ಗುರಿ ಹಿಡಿದಾಗ ಅಲ್ಲಿನ ನೂರು ಗ್ರಾಂ ಕೂಡ ಕೈಗೆ ಗೊತ್ತಾಗುತ್ತದೆ. ನಿಮ್ಮ 17-4 ಸ್ಟೀಲನ್ನೂ ಗಟ್ಟಿ ಮಾಡುವುದೇ 482 ಡಿಗ್ರಿಯಲ್ಲಿ ಇಟ್ಟು. ಅದಕ್ಕಿಂತ ಮೇಲೆ ಹೋದರೆ ಅದೂ ಮೆತ್ತಗಾಗುತ್ತದೆ. ಅದನ್ನು ಯಾಕೆ ಹೇಳಲಿಲ್ಲ?

ಉಪ್ಪಳ ಲೇತ್ ಶೆಟ್ಟಿ
ಒಂದು ನಿಮಿಷ. "17-4 ಸ್ಟೇನ್‌ಲೆಸ್" ಅಂತ ಅಂಗಡಿಯವ ಹೇಳಿದ ಕೂಡಲೇ ನಂಬಬೇಡ ತಮ್ಮಾ. ಮೊದಲು ಮ್ಯಾಗ್ನೆಟ್ ಇಟ್ಟು ನೋಡು. ಹಿಡಿದರೆ ಅದು ಸ್ಟೇನ್‌ಲೆಸ್ಸೇ ಅಲ್ಲ, ಕಬ್ಬಿಣಕ್ಕೆ ಪಾಲಿಶ್ ಹೊಡೆದದ್ದು. ನಮ್ಮ ಕಡಲ ಬದಿಯಲ್ಲಿ ಗೇಟು, ರೇಲಿಂಗ್ ಎಲ್ಲ ಒಂದೇ ಮಳೆಗಾಲಕ್ಕೆ ಕೆಂಪಾಗುವುದು ಹೀಗೇ.

ಕುಂಬಳೆ ಟೀಚರ್
ಶೆಟ್ರೇ, ಇದು ತಪ್ಪು. 17-4ಗೆ ಮ್ಯಾಗ್ನೆಟ್ ಹಿಡಿದೇ ಹಿಡಿಯುತ್ತದೆ. ಅದರಲ್ಲಿ ಸುಮಾರು 17 ಶೇಕಡ ಕ್ರೋಮಿಯಂ, 4 ಶೇಕಡ ನಿಕ್ಕಲ್ ಇರುತ್ತದೆ. ತುಕ್ಕು ತಡೆಯುವುದು ಕ್ರೋಮಿಯಂ. ಮ್ಯಾಗ್ನೆಟ್ ಹಿಡಿಯುವುದೂ ಬಿಡುವುದೂ ಒಳಗಿನ ಹರಳಿನ ರಚನೆಗೆ ಸೇರಿದ್ದು. ಅಡುಗೆಮನೆಯ ಸ್ಟೀಲ್ ಚಾಕುವಿಗೆ ಮ್ಯಾಗ್ನೆಟ್ ಅಂಟುತ್ತದೆ ಅಲ್ವಾ? ಅದು ಸ್ಟೇನ್‌ಲೆಸ್ ಅಲ್ಲವೇ?

ಉಪ್ಪಳ ಲೇತ್ ಶೆಟ್ಟಿ
ಚಾಕುವಿನ ಮಾತು ಬೇಡ ಟೀಚರೇ, ಚಾಕುವಿಗೂ ತುಕ್ಕು ಬರುತ್ತದೆ. ನಾನು ಎಷ್ಟೋ ವರ್ಷದಿಂದ ಲೇತ್ ಮುಂದೆ ನಿಂತವನು. ಸ್ಟೇನ್‌ಲೆಸ್ಸಿನ ದರ್ಜೆಗಳಲ್ಲಿ 304ಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, 316ಗೆ ಹಿಡಿಯುವುದಿಲ್ಲ. ಒಳ್ಳೆ ಮಾಲು ಅಂದರೆ ಅದೇ.

ಕುಂಬಳೆ ಟೀಚರ್
202ಗೂ ಹಿಡಿಯುವುದಿಲ್ಲ. ಆದರೂ ನಮ್ಮ ಉಪ್ಪು ಗಾಳಿಗೆ ಅದು ಬೇಗ ಕೆಂಪಾಗುತ್ತದೆ. ನಿಮ್ಮ ಮ್ಯಾಗ್ನೆಟ್ ಆ ಗೇಟನ್ನು ಪಾಸ್ ಮಾಡಿಬಿಡುತ್ತದೆ! ಹಾಗಾದರೆ ಪರೀಕ್ಷೆ ಎಲ್ಲಿ ಉಳಿಯಿತು?

ಬಾಯಾರಿನ ಅಡಿಕೆ ಭಟ್
ನಡುವೆ ಬಾಯಿ ಹಾಕಿದೆ ಅಂತ ಬೇಜಾರು ಬೇಡ. ನಮ್ಮ ತೋಟಕ್ಕೆ ಹಂದಿಯ ಕಾಟ ವಿಪರೀತ. ಲೈಸೆನ್ಸ್ ಇರುವ ಜೋಡುನಳಿಗೆ ಕೋವಿ ಉಂಟು. ಅದಕ್ಕೆ ಇಂಥದ್ದು ಹಾಕಿದರೆ ಸದ್ದೇ ಬರುವುದಿಲ್ಲವಾ? ಒಂದು ಈಡಿಗೆ ಉಳಿದ ಹಂದಿಗಳೆಲ್ಲ ಓಡಿಹೋಗುತ್ತವೆ.

ಬದಿಯಡ್ಕದ ಹವಾಲ್ದಾರ್
ಭಟ್ರೇ, ಆ ಆಲೋಚನೆ ಇವತ್ತೇ ಬಿಡಿ. ನಮ್ಮ ದೇಶದ ಆಯುಧ ನಿಯಮದಲ್ಲಿ ಸದ್ದು ಕಡಿಮೆ ಮಾಡುವ ಸಲಕರಣೆ ನಿಷೇಧದ ಪಟ್ಟಿಯಲ್ಲಿದೆ. ನಿಮ್ಮ ಕೋವಿಯ ಲೈಸೆನ್ಸ್ ಅದಕ್ಕೆ ಸಾಲದು. ಹಂದಿಗೆ ಬೇರೆ ದಾರಿ ಉಂಟು. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿದೆ. ಲೈಸೆನ್ಸ್ ಕೋವಿ ಇರುವವರೇ ಹೊಡೆಯಬೇಕು. ಅಲ್ಲಿ ಅರ್ಜಿ ಕೊಡಿ.

ಮುಳ್ಳೇರಿಯ ರೈ
"ಸದ್ದೇ ಬರುವುದಿಲ್ಲ" ಅನ್ನುವುದು ಸಿನಿಮಾದ ಮಾತು ಭಟ್ರೇ. 308ರ ಸದ್ದು 160 ಡೆಸಿಬೆಲ್ ದಾಟುತ್ತದೆ. ಸಪ್ರೆಸರ್ ಅದರಲ್ಲಿ 25, 30 ಕಡಿಮೆ ಮಾಡಿದರೆ ದೊಡ್ಡದು. ಕಿವಿ ಉಳಿಯುತ್ತದೆ, ಅಷ್ಟೇ. ಗುಂಡು ಶಬ್ದದ ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತದೆ, ಅದರ ಚಟಾರ್ ಎನ್ನುವ ಸದ್ದನ್ನು ಯಾವ ಲೋಹವೂ ನಿಲ್ಲಿಸುವುದಿಲ್ಲ. ಸದ್ದಿನ ಲೆಕ್ಕದಲ್ಲಿ ಟೈಟಾನಿಯಂಗೂ ಸ್ಟೀಲಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಒಳಗಿನ ಜಾಗ, ಬ್ಯಾಫಲಿನ ಆಕಾರ ಮುಖ್ಯ. ಹಾಗಾಗಿ ಉಳಿಯುವುದು ಭಾರ ಒಂದೇ.

ಬದಿಯಡ್ಕದ ಹವಾಲ್ದಾರ್
"ಭಾರ ಒಂದೇ" ಅಂತೆ! ಕಿಡಿಯ ಬಗ್ಗೆ ಒಂದು ಮಾತಿಲ್ಲ. ಬಾಳಿಕೆಯ ಬಗ್ಗೆ ಒಂದು ಮಾತಿಲ್ಲ. ಜನ ದುಡ್ಡು ಕೊಟ್ಟು ತೆಗೆದುಕೊಳ್ಳುವುದು ರೈಗಳೇ, ತೂಕದ ಚೀಟಿ ನೋಡಿ ಹೇಳಿದರೆ ಆಗುವುದಿಲ್ಲ. ಗುರಿ ಅಭ್ಯಾಸಕ್ಕೆ ಹೋದ ದಿನ ಎರಡು ಗುಂಡಿಗೆ ನಿಲ್ಲಿಸುತ್ತಾನಾ ಅವನು?

ಉಪ್ಪಳ ಲೇತ್ ಶೆಟ್ಟಿ
ಟೀಚರೇ, ನಿಮಗೆ ಉತ್ತರ ಕೊಟ್ಟಿಲ್ಲ ಅಂದುಕೊಳ್ಳಬೇಡಿ. 202 ಬೇರೆ ವಿಷಯ. ಪುಸ್ತಕ ಓದಿ ಕಬ್ಬಿಣ ಗೊತ್ತಾಗುವುದಿಲ್ಲ. ಲೇತಿನಲ್ಲಿ ಕೊರೆಯುವ ಟೂಲ್ ಇಟ್ಟು ತಿರುಗಿಸಿ ನೋಡಬೇಕು, ಲೋಹದ ಚೂರು ಹೇಗೆ ಬರುತ್ತದೆ ಅಂತ ನೋಡಬೇಕು. ಕೆಲಸ ಮಾಡುವವನ ಮಾತಿಗೆ ಬೆಲೆಯೇ ಇಲ್ಲವಾ ಇಲ್ಲಿ?

ಕುಂಬಳೆ ಟೀಚರ್
ಕೆಲಸದ ಬಗ್ಗೆ ನಾನು ಒಂದಕ್ಷರ ಹೇಳಿಲ್ಲ. ಸುಮ್ನೆ ನನ್ನ ಬಾಯಿಗೆ ಮಾತು ತುರುಕಬೇಡಿ. 304 ಪೈಪನ್ನು ಬಗ್ಗಿಸಿದ ಜಾಗಕ್ಕೆ ಮ್ಯಾಗ್ನೆಟ್ ಸ್ವಲ್ಪ ಹಿಡಿಯುತ್ತದೆ, ಇದನ್ನು ನೀವೇ ನಿಮ್ಮ ವರ್ಕ್‌ಶಾಪಿನಲ್ಲಿ ನೋಡಿರುತ್ತೀರಿ. ಬಗ್ಗಿಸಿದ ಕೂಡಲೇ ಅದು ನಕಲಿ ಆಯಿತಾ? ಈ ಹುಡುಗ ನಿಮ್ಮ ಮಾತು ಕೇಳಿ ಒಳ್ಳೆಯ ಸಪ್ರೆಸರನ್ನು ನಕಲಿ ಅಂತ ವಾಪಸ್ ಕೊಟ್ಟರೆ ಯಾರು ಹೊಣೆ?

ಬೋವಿಕ್ಕಾನ 78
ತುಕ್ಕಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಸಪ್ರೆಸರಿಗೆ ತುಕ್ಕು ಬರುವುದು ಆಮೇಲೆ. ಮೊದಲು ಬರುವುದು ನಳಿಗೆಗೆ. ಮದ್ದು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಸಪ್ರೆಸರ್ ಹಾಕಿಯೇ ಇಟ್ಟರೆ ಆ ಪಸೆ ಒಳಗೇ ಉಳಿಯುತ್ತದೆ. ನಳಿಗೆ ಹೆಚ್ಚಾಗಿ ಸ್ಟೇನ್‌ಲೆಸ್ ಅಲ್ಲದ ಸ್ಟೀಲ್. ಬಾಯಿಯ ಹತ್ತಿರ ತುಕ್ಕು ತಿಂದರೆ ಗುರಿಯೇ ಹಾಳು. ಟೈಟಾನಿಯಂ ಆದರೆ ಇನ್ನೂ ಜಾಗ್ರತೆ ಬೇಕು. ಒದ್ದೆಯಲ್ಲಿ ಟೈಟಾನಿಯಂ ಮತ್ತು ಸ್ಟೀಲ್ ಒಟ್ಟಿಗಿದ್ದರೆ ಸವೆಯುವುದು ಸ್ಟೀಲ್. ತಿರುಪಿನ ಮರೆಗಳು (ಥ್ರೆಡ್) ಒಂದಕ್ಕೊಂದು ಕಚ್ಚಿಕೊಳ್ಳುವುದೂ ಉಂಟು, ಚೂರು ಗ್ರೀಸ್ ಹಚ್ಚಬೇಕು.

ಉಪ್ಪಳ ಲೇತ್ ಶೆಟ್ಟಿ
ನೋಡಿ, ಇವರೂ ಹೇಳಿದರು, "ಸವೆಯುವುದು ಸ್ಟೀಲ್" ಅಂತ. ನಾನು ಮೊದಲಿನಿಂದ ಹೇಳುವುದು ಅದೇ. ಮ್ಯಾಗ್ನೆಟ್ ಹಿಡಿಯುವ ಮಾಲು ಬೇಡ.

ಕುಂಬಳೆ ಟೀಚರ್
ಅವರು ಹೇಳಿದ್ದು ನಳಿಗೆಯ ವಿಷಯ! ಸರಿಯಾಗಿ ಓದಿ ಶೆಟ್ರೇ.

ಪೆರ್ಲದ ಹುಡುಗ
ಬೋವಿಕ್ಕಾನದ ಅಣ್ಣ, ಬೇಟೆ ಮುಗಿದ ಮೇಲೆ ಪ್ರತಿ ಸಲ ಬಿಚ್ಚಲೇಬೇಕಾ? ಮತ್ತೆ ಹಾಕಿದಾಗ ಗುರಿ ಬದಲಾಗುವುದಿಲ್ಲವಾ?

ಮುಳ್ಳೇರಿಯ ರೈ
ಗುರಿಯ ವಿಷಯದಲ್ಲೂ ಹಗುರವಾದದ್ದೇ ಒಳ್ಳೆಯದು ತಮ್ಮಾ. ತುದಿಯಲ್ಲಿ ಭಾರ ಜಾಸ್ತಿ ಆದಷ್ಟೂ ಗುಂಡು ಬೀಳುವ ಜಾಗ ಹೆಚ್ಚು ಸರಿಯುತ್ತದೆ. ಟೈಟಾನಿಯಂ ತೆಗೆದುಕೋ.

ಬೋವಿಕ್ಕಾನ 78
ಹೌದು, ಪ್ರತಿ ಸಲ ಬಿಚ್ಚು. ಒಣಗಿಸಿ ಬೇರೆ ಇಡು. ಮತ್ತೆ ಅಷ್ಟೇ ಬಿಗಿಯಾಗಿ ಹಾಕಿದರೆ ಗುರಿ ಹೆಚ್ಚು ಸರಿಯುವುದಿಲ್ಲ. ಕಾಡಿಗೆ ಹೋಗುವ ಮೊದಲು ಒಂದು ಗುಂಡು ಹಾರಿಸಿ ನೋಡಿಕೋ.

ಉಪ್ಪಳ ಲೇತ್ ಶೆಟ್ಟಿ
ಸ್ಟೀಲೇ ಬೇಕು ಅಂತಿದ್ದರೆ 304ರಲ್ಲಿ ಮಾಡಿದ್ದು ಸಿಗುತ್ತದಾ ಅಂತ ಕೇಳು ತಮ್ಮಾ.

ಕುಂಬಳೆ ಟೀಚರ್
ಕೇಳಬೇಡ. ಗಟ್ಟಿ ಮಾಡಿದ 17-4ರ ಶಕ್ತಿ ಮಾಮೂಲು 304ಕ್ಕಿಂತ ನಾಲ್ಕೈದು ಪಟ್ಟು. ನಿನ್ನ ಮುಖದ ಎದುರು ಒತ್ತಡ ತಡೆಯುವ ವಸ್ತು ಅದು. ಅಲ್ಲಿ 304 ಯಾಕೆ?

ಬದಿಯಡ್ಕದ ಹವಾಲ್ದಾರ್
ಟೀಚರ್ ಕೂಡ 17-4 ಅಂದರು. ಸ್ಟೀಲ್ ತೆಗೆದುಕೋ.

ಕುಂಬಳೆ ಟೀಚರ್
ನಾನು ಹಾಗೆ ಹೇಳಿಲ್ಲ ಹವಾಲ್ದಾರರೇ. ಮ್ಯಾಗ್ನೆಟ್ ಮತ್ತು 304ರ ಬಗ್ಗೆ ಮಾತ್ರ ಹೇಳಿದ್ದು.