ಹದಿನೆಂಟು ಪೆಟ್ಟಿಗೆ ಕೊಟ್ಟರೆ ಮೂರೇ ಸಾಕು ಎಂದರು, ಏಕೆ?

ಪ್ರಶ್ನೆ: ನಮ್ಮ ತಂದೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ತೀರಿಕೊಂಡ ಮೇಲೆ ಪುಸ್ತಕ, ಕಾಗದಪತ್ರಗಳನ್ನೆಲ್ಲ ಹದಿನೆಂಟು ಪೆಟ್ಟಿಗೆಗಳಲ್ಲಿ ತುಂಬಿಸಿ, ಅವರು ಕಲಿಸುತ್ತಿದ್ದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಯ್ದೆವು. ವಿಶೇಷ ಸಂಗ್ರಹ ವಿಭಾಗದವರು ಎರಡು ದಿನ ಕುಳಿತು ನೋಡಿ ಮೂರು ಪೆಟ್ಟಿಗೆ ಇಟ್ಟುಕೊಂಡು ಹದಿನೈದನ್ನು ಮರಳಿಸಿದರು. ಚರ್ಮದ ರಟ್ಟಿನ ವಿಶ್ವಕೋಶ ಬೇಡವಂತೆ, ಪ್ರಶಸ್ತಿ ಫಲಕಗಳು ಬೇಡವಂತೆ, ಅಚ್ಚಾದ ಲೇಖನಗಳೂ ಬೇಡವಂತೆ. ಬೇಕಾದದ್ದು ಏನು ಗೊತ್ತೇ? ಮಣ್ಣು ಮೆತ್ತಿದ ಜೇಬುಪುಸ್ತಕಗಳು, ಗೀಚಿ ಹೊಡೆದುಹಾಕಿದ ಕರಡುಗಳು, ಸಹೋದ್ಯೋಗಿಯೊಬ್ಬರೊಂದಿಗೆ ವರ್ಷಗಟ್ಟಲೆ ನಡೆದ ಜಗಳದ ಪತ್ರಗಳು. ಅಮ್ಮನಿಗೆ ತುಂಬಾ ಬೇಸರವಾಗಿದೆ. ಈ ಆಯ್ಕೆಗೆ ಲೆಕ್ಕಾಚಾರ ಏನಾದರೂ ಇದೆಯೇ?

ಉತ್ತರ: ನಾನು ಬೇರೊಂದು ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿ ಕೆಲಸ ಮಾಡುವವಳು. ಆ ಪೆಟ್ಟಿಗೆಗಳು ನನ್ನ ಮೇಜಿಗೆ ಬಂದಿದ್ದರೂ ಹೆಚ್ಚುಕಡಿಮೆ ಅವೇ ಮೂರನ್ನು ಎತ್ತಿಡುತ್ತಿದ್ದೆ.

ಅಚ್ಚಾದ ವಿಶ್ವಕೋಶ ನೂರಾರು ಗ್ರಂಥಾಲಯಗಳಲ್ಲಿದೆ. ನಿಮ್ಮ ತಂದೆಯ ಜೇಬುಪುಸ್ತಕ ಲೋಕದಲ್ಲಿ ಒಂದೇ ಒಂದು. ಸಾಮಾನ್ಯ ಗ್ರಂಥಾಲಯ ಓದುಗರು ಕೇಳುವುದನ್ನು ತರಿಸಿಡುತ್ತದೆ, ಹಳತಾದರೆ ತೆಗೆದು ಹೊಸ ಆವೃತ್ತಿ ಇಡುತ್ತದೆ. ಪತ್ರಾಗಾರದಲ್ಲಿ ಈ ಮಾತು ನಡೆಯುವುದಿಲ್ಲ. ಕಳೆದರೆ ಮತ್ತೆ ಸಿಗದಂಥದ್ದನ್ನು ಮಾತ್ರ ಅದು ಹುಡುಕುತ್ತದೆ.

ಅದರಲ್ಲೂ ಸಸ್ಯಶಾಸ್ತ್ರಜ್ಞರ ಜೇಬುಪುಸ್ತಕ ಎಂದರೆ ನಮಗೆ ಬಾಯಲ್ಲಿ ನೀರೂರುತ್ತದೆ. ಯಾವ ದಿನ, ಯಾವ ಗುಡ್ಡದ ಯಾವ ಮಗ್ಗುಲಲ್ಲಿ, ಯಾವ ಗಿಡ ಹೂವಾಗಿತ್ತು ಎಂಬುದು ಅಲ್ಲಿ ಇರುತ್ತದೆ. ಒಣಗಿಸಿಟ್ಟ ಮಾದರಿಯ ಚೀಟಿಯಲ್ಲಿ ಒಂದು ಸಂಖ್ಯೆ ಮಾತ್ರ ಉಳಿದಿದ್ದರೆ, ಆ ಸಂಖ್ಯೆಯ ಹಿಂದಿನ ಕಥೆ ಈ ಪುಸ್ತಕದಲ್ಲಿ ಸಿಗುತ್ತದೆ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ 1850ರ ದಶಕದಲ್ಲಿ ಕಾಂಕರ್ಡ್ ಎಂಬ ಊರಿನ ಸುತ್ತ ಗಿಡಗಳು ಹೂಬಿಟ್ಟ ದಿನಾಂಕಗಳನ್ನು ಬರೆದಿಟ್ಟಿದ್ದರು. ಒಂದೂವರೆ ಶತಮಾನ ಕಳೆದ ಮೇಲೆ ಜೀವವಿಜ್ಞಾನಿಗಳು ಅದೇ ಜಾಗದಲ್ಲಿ ಓಡಾಡಿ ಹೋಲಿಸಿ ನೋಡಿದರು. ಹೂವುಗಳು ಈಗ ಮೊದಲೇ ಅರಳುತ್ತಿದ್ದವು. ಹವಾಮಾನ ಬದಲಾಗಿದೆ ಎನ್ನಲು ಆ ಹಳೆಯ ಹಾಳೆಗಳು ಸಾಕ್ಷಿಯಾದವು. ಬರೆಯುವಾಗ ಥೋರೊ ಅವರಿಗೆ ಇಂಥ ಉಪಯೋಗದ ಕನಸೂ ಬಿದ್ದಿರಲಾರದು.

ಜಗಳದ ಪತ್ರಗಳೂ ಹಾಗೆಯೇ. ಅಚ್ಚಾದ ಲೇಖನ ತೀರ್ಮಾನವನ್ನಷ್ಟೇ ಹೇಳುತ್ತದೆ. ಅಲ್ಲಿಗೆ ಹೇಗೆ ಬಂದರು, ಯಾರು ತಡೆದರು, ಯಾವ ಊಹೆಯನ್ನು ಅರ್ಧಕ್ಕೇ ಕೈಬಿಟ್ಟರು ಎಂಬುದೆಲ್ಲ ಪತ್ರದಲ್ಲಿ, ಕರಡಿನಲ್ಲಿ ಇರುತ್ತದೆ. ಫಲಕದಲ್ಲಿರುವುದು ಹೆಸರು, ದಿನಾಂಕ ಎರಡೇ. ಅದು ಹೇಗೂ ವಿಶ್ವವಿದ್ಯಾಲಯದ ವರದಿಯಲ್ಲಿ ದಾಖಲಾಗಿರುತ್ತದೆ.

ಇದರ ಜೊತೆಗೆ ಪ್ರತಿ ಪತ್ರಾಗಾರಕ್ಕೂ ಒಂದು ಸಂಗ್ರಹ ನೀತಿ ಇರುತ್ತದೆ. ಯಾವ ವಿಷಯ, ಯಾವ ಪ್ರದೇಶ, ಯಾವ ಕಾಲ ತಮ್ಮದು ಎಂದು ಬರೆದಿಟ್ಟ ದಾಖಲೆ ಅದು. ಆಡಳಿತ ಮಂಡಳಿಯ ನಡಾವಳಿ, ವಿಭಾಗಗಳ ಕಡತ, ಸಂಶೋಧನಾ ಪ್ರಬಂಧ ಇವೆಲ್ಲ ವಿಶ್ವವಿದ್ಯಾಲಯದ ಸ್ವಂತ ನೆನಪು, ಬಿಡುವಂತಿಲ್ಲ. ಉಳಿದದ್ದರಲ್ಲಿ ಅಲ್ಲಿ ನಡೆಯುವ ಬೋಧನೆ, ಸಂಶೋಧನೆಗೆ ಹೊಂದುವಂಥದ್ದನ್ನು ಆರಿಸುತ್ತಾರೆ. ಬೇರೆಡೆಗೆ ಹೆಚ್ಚು ಒಪ್ಪುವ ಸಂಗ್ರಹವಾದರೆ ಅಲ್ಲಿಗೇ ಕಳುಹಿಸುವುದು ಒಳ್ಳೆಯ ರೂಢಿ. ಎಲ್ಲವನ್ನೂ ತನಗೇ ಬಾಚಿಕೊಳ್ಳುವ ಪತ್ರಾಗಾರವನ್ನು ನಾನು ನಂಬುವುದಿಲ್ಲ. ಅಲ್ಲಿ ಪೆಟ್ಟಿಗೆಗಳು ಬಿಚ್ಚದೆಯೇ ಬೂಷ್ಟು ಹಿಡಿಯುತ್ತಿರುತ್ತವೆ.

ಮರುಪ್ರಶ್ನೆ: ಅರ್ಥವಾಯಿತು ಮೇಡಂ. ಪತ್ರಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಡಬೇಕೆಂದಿದ್ದೆ, ಸಮಯ ಸಿಗಲಿಲ್ಲ. ಹಾಗೆ ಮಾಡಿದ್ದರೆ ಇನ್ನಷ್ಟು ಇಟ್ಟುಕೊಳ್ಳುತ್ತಿದ್ದರೇ?

ಉತ್ತರ: ಸಮಯ ಸಿಗದಿದ್ದದ್ದೇ ಒಳ್ಳೆಯದಾಯಿತು! ಒಬ್ಬರ ಕಾಗದಗಳನ್ನು ಇನ್ನೊಬ್ಬರದರೊಂದಿಗೆ ಬೆರೆಸಬಾರದು ಎಂಬ ನಿಯಮ 1841ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. ಅವರು ಇಟ್ಟ ಕ್ರಮವನ್ನೂ ಕದಡಬಾರದು ಎಂಬುದನ್ನು ಮೂವರು ಡಚ್ ಪತ್ರಪಾಲಕರು 1898ರ ಕೈಪಿಡಿಯಲ್ಲಿ ಗಟ್ಟಿ ಮಾಡಿದರು. ನಿಮ್ಮ ತಂದೆ ಜಗಳದ ಪತ್ರವೊಂದನ್ನು ಯಾವುದೋ ಕರಡಿನ ಒಳಗೆ ಮಡಚಿ ಇಟ್ಟಿದ್ದರೆ, ಆ ಜಾಗವೇ ಒಂದು ಸುದ್ದಿ. ದಿನಾಂಕದ ಸಾಲಿಗೆ ಎಳೆದರೆ ಆ ಸುದ್ದಿ ಅಲ್ಲಿಗೇ ಸತ್ತಿತು.

ಇನ್ನೊಬ್ಬ ಸದಸ್ಯರು: ಕ್ಷಮಿಸಿ, ನೀತಿಯ ಹೆಸರಿನಲ್ಲಿ ಹೀಗೆ ಆರಿಸಿ ಉಳಿದದ್ದನ್ನು ಮರಳಿಸುವುದನ್ನು ಒಪ್ಪಲಾರೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದರು. ಅದನ್ನು ತಂದುಕೊಟ್ಟಾಗ ಅಲ್ಲಿನವರು 'ನಮ್ಮ ನೀತಿಗೆ ಹೊಂದುವುದಿಲ್ಲ' ಎಂದಿದ್ದರೆ? ಮುಂದೆ ಯಾವುದು ಬೇಕಾಗುತ್ತದೆ ಎಂದು ಇಂದು ತೀರ್ಮಾನಿಸಲು ನೀವು ಯಾರು?

ಉತ್ತರ: ಒಳ್ಳೆಯ ಏಟು. ಆದರೆ ಉದಾಹರಣೆ ನನ್ನ ಪಕ್ಷದ್ದೇ. ತಾಳೆಗರಿ ಹಸ್ತಪ್ರತಿಗಳನ್ನು ಕೂಡಿಹಾಕುವುದೇ ಆ ಗ್ರಂಥಾಲಯದ ಕೆಲಸವಾಗಿತ್ತು. 1891ರಲ್ಲಿ ಅದು ಹುಟ್ಟಿದ್ದೇ ಅದಕ್ಕೆ. ನೀತಿ ಇದ್ದುದರಿಂದಲೇ ಆ ಪ್ರತಿ ಒಳಗೆ ಬಂತು, ಓದಬಲ್ಲವರು ಅಲ್ಲಿ ಇದ್ದುದರಿಂದ ಅದೇನೆಂದು ತಿಳಿಯಿತು.

ಇನ್ನು 'ನೀವು ಯಾರು' ಎಂಬುದು ನಮ್ಮ ವೃತ್ತಿಯ ಹಳೆಯ ತಕರಾರು. ಆರಿಸುವುದು ಪತ್ರಪಾಲಕನ ಕೆಲಸವೇ ಅಲ್ಲ, ಕೈಗೆ ಬಂದದ್ದನ್ನು ಕಾಯುವುದಷ್ಟೇ ಅವನ ಪಾಲು ಎಂದು ಇಂಗ್ಲೆಂಡಿನ ಹಿಲರಿ ಜೆಂಕಿನ್ಸನ್ 1922ರಲ್ಲಿ ವಾದಿಸಿದರು. ಟೈಪ್‌ರೈಟರ್, ಕಾರ್ಬನ್ ಕಾಗದಗಳಿಂದ ಕಚೇರಿಗಳಲ್ಲಿ ಕಡತಗಳ ಪ್ರವಾಹವೇ ಬಂದಾಗ ಆ ನಿಲುವು ತಡೆದುಕೊಳ್ಳಲಿಲ್ಲ. 1956ರಲ್ಲಿ ಅಮೆರಿಕದ ಪತ್ರಪಾಲಕ ಶೆಲೆನ್‌ಬರ್ಗ್, ಆರಿಸದೆ ಗತಿಯಿಲ್ಲ, ಹೇಗೆ ಆರಿಸಬೇಕೆಂದು ಯೋಚಿಸೋಣ ಎಂದರು. ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಸರ್ಕಾರದ ದಾಖಲೆಗಳಲ್ಲಿ ಶಾಶ್ವತವಾಗಿ ಉಳಿಸುವುದು ಶೇ. 1ರಿಂದ 3ರಷ್ಟು ಮಾತ್ರ. ಅದರ ಪಕ್ಕದಲ್ಲಿಟ್ಟರೆ ಹದಿನೆಂಟಕ್ಕೆ ಮೂರು ಧಾರಾಳವೇ.

ನಿಮ್ಮ ಸಿಟ್ಟಿನಲ್ಲಿ ನಾನು ಒಪ್ಪುವ ಭಾಗವೂ ಇದೆ. ಬಹುಕಾಲ ನಮ್ಮವರು ಆರಿಸಿದ್ದು ಕುಲಪತಿಗಳ ಕಾಗದ, ಹೆಸರಾಂತ ಲೇಖಕರ ಕರಡು. ಅದೇ ಆವರಣದಲ್ಲಿ ಕಸ ಗುಡಿಸಿದವರು, ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡಿದವರು, ಮುಷ್ಕರ ಹೂಡಿದ ವಿದ್ಯಾರ್ಥಿಗಳು ಕಪಾಟಿನಲ್ಲಿ ಇಲ್ಲವೇ ಇಲ್ಲ. ಇದ್ದರೂ ಶಿಸ್ತುಕ್ರಮದ ಕಡತದಲ್ಲಿ, ಬೇರೆಯವರ ಬಾಯಲ್ಲಿ. ತಾನಾಗಿ ಬಾಗಿಲಿಗೆ ಬಂದದ್ದನ್ನು ಸೋಸುತ್ತ ಕುಳಿತರೆ ಈ ಕಿಂಡಿ ಮುಚ್ಚುವುದಿಲ್ಲ. ಹಾಗಾಗಿ ಈಗ ಅನೇಕ ಕಡೆ ಕರಪತ್ರ, ಭಿತ್ತಿಪತ್ರಗಳನ್ನು ಹುಡುಕಿ ತರುತ್ತಾರೆ, ಬರವಣಿಗೆ ಬಿಟ್ಟುಹೋಗದವರ ಮಾತನ್ನು ಧ್ವನಿಮುದ್ರಿಸಿ ಇಡುತ್ತಾರೆ. ಸಾಲದು, ಆದರೆ ಶುರುವಾಗಿದೆ.

ಪ್ರಶ್ನೆ: ನನ್ನ ಬಳಿ ನೂರು ವರ್ಷದ ಹಳೆಯ ಪುಸ್ತಕ ಇದೆ. ಅಪರೂಪದ್ದು ಎಂದು ತೆಗೆದುಕೊಳ್ಳುತ್ತಾರೆಯೇ?

ಉತ್ತರ: ಬರೀ ವಯಸ್ಸಿಗೆ ಬೆಲೆಯಿಲ್ಲ. ಎಷ್ಟು ಪ್ರತಿಗಳು ಉಳಿದಿವೆ, ಯಾರ ಕೈಯಲ್ಲಿತ್ತು, ಅಂಚಿನಲ್ಲಿ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ನೋಡುತ್ತಾರೆ.

ಪ್ರಶ್ನೆ: ಈಗ ಯಾರೂ ಪತ್ರ ಬರೆಯುವುದಿಲ್ಲ. ಇಮೇಲ್, ಲ್ಯಾಪ್‌ಟಾಪ್ ಕೊಟ್ಟರೆ ತೆಗೆದುಕೊಳ್ಳುತ್ತೀರಾ?

ಉತ್ತರ: ತೆಗೆದುಕೊಳ್ಳುತ್ತೇವೆ, ಸ್ವಲ್ಪ ಅಳುಕಿನಿಂದ. ಸಲ್ಮಾನ್ ರಶ್ದಿ ಅವರ ಸಂಗ್ರಹ ಅಮೆರಿಕದ ಎಮೊರಿ ವಿಶ್ವವಿದ್ಯಾಲಯಕ್ಕೆ ಬಂದಾಗ ಕಾಗದಗಳ ಜೊತೆ ನಾಲ್ಕು ಆಪಲ್ ಕಂಪ್ಯೂಟರುಗಳೂ ಇದ್ದವು. ಅವುಗಳಲ್ಲಿ ಒಂದನ್ನು ಲೇಖಕರು ಬಳಸುತ್ತಿದ್ದ ರೀತಿಯಲ್ಲೇ ಓದುಗರು ತೆರೆದು ನೋಡುವಂತೆ 2010ರಲ್ಲಿ ವ್ಯವಸ್ಥೆ ಮಾಡಿದರು. ಎಲ್ಲರಿಗೂ ಅಂಥ ಶಕ್ತಿ ಇಲ್ಲ. ಕಾಗದವನ್ನು ತಂಪಾಗಿ, ಒಣಗಿರುವ ಜಾಗದಲ್ಲಿಟ್ಟರೆ ಐವತ್ತು ವರ್ಷ ಯಾರೂ ಮುಟ್ಟದಿದ್ದರೂ ಓದಲು ಬರುತ್ತದೆ. ಫ್ಲಾಪಿ ಡಿಸ್ಕ್ ಹಾಗಲ್ಲ. ದಯವಿಟ್ಟು ಪೆನ್‌ಡ್ರೈವ್ ಕೊಡುವ ಮುನ್ನ ಬೇಡದ ಕಡತಗಳನ್ನು ಅಳಿಸಲು ಕೂರಬೇಡಿ. ಪಾಸ್‌ವರ್ಡ್ ಬರೆದುಕೊಡಿ, ಅಷ್ಟು ಸಾಕು.

ಮರುಪ್ರಶ್ನೆ (ಮೊದಲು ಕೇಳಿದವರಿಂದ): ಆ ಪತ್ರಗಳ ಬಗ್ಗೆ ಒಂದು ಅಳುಕು ಮೇಡಂ. ಜಗಳವಾಡಿದ ಸಹೋದ್ಯೋಗಿ ಇನ್ನೂ ಇದ್ದಾರೆ. ನಾಳೆ ಯಾರೋ ವಿದ್ಯಾರ್ಥಿ ಓದಿ ಪ್ರಕಟಿಸಿಬಿಟ್ಟರೆ?

ಉತ್ತರ: ದಾನಪತ್ರಕ್ಕೆ ಸಹಿ ಹಾಕಿದ್ದೀರಾ? ಇಲ್ಲವಾದರೆ ಈಗಲೇ ಕೇಳಿ. ಇಂಥ ಕಟ್ಟನ್ನು ಇಷ್ಟು ವರ್ಷ ತೆರೆಯಬಾರದು ಎಂದು ಅದರಲ್ಲಿ ಬರೆಸಬಹುದು. ಕೊನೆಯಿಲ್ಲದ ಬೀಗವನ್ನು ಮಾತ್ರ ಯಾರೂ ಒಪ್ಪುವುದಿಲ್ಲ, ಯಾರೂ ಎಂದಿಗೂ ಓದಲಾಗದ್ದನ್ನು ಕಾಯುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಮಾತು. ಪತ್ರದ ಹಾಳೆ ಪಡೆದವರದು, ಬರಹದ ಹಕ್ಕುಸ್ವಾಮ್ಯ ಬರೆದವರದು. ಸಹೋದ್ಯೋಗಿ ಬರೆದ ಪತ್ರಗಳನ್ನು ಪ್ರಕಟಿಸಲು ನೀವೂ ಗ್ರಂಥಾಲಯವೂ ಅನುಮತಿ ಕೊಡಲಾರಿರಿ, ಅವರೇ ಕೊಡಬೇಕು.

ಮರಳಿಬಂದ ಹದಿನೈದರಲ್ಲಿ ಫೋಟೊಗಳಿವೆಯೇ? ಹೆಸರಿಲ್ಲದ ಫೋಟೊ ಎಂದು ಬಿಟ್ಟಿರಬಹುದು. ಅಮ್ಮನ ಪಕ್ಕದಲ್ಲಿ ಕುಳಿತು ಯಾರು, ಎಲ್ಲಿ, ಯಾವಾಗ ಎಂದು ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲ್‌ನಿಂದ ಬರೆಯಿರಿ. ಪೆನ್ನು ಬೇಡ.

ಮರುಪ್ರಶ್ನೆ: ನಿನ್ನೆ ಸಂಜೆ ಕುಳಿತೆವು. ಅಮ್ಮ ಬಹುತೇಕ ಎಲ್ಲರನ್ನೂ ಗುರುತಿಸಿದರು. ಆ ಸಹೋದ್ಯೋಗಿ ನಾಲ್ಕು ಫೋಟೊಗಳಲ್ಲಿ ಅಪ್ಪನ ಪಕ್ಕದಲ್ಲೇ ನಿಂತಿದ್ದಾರೆ. ಒಂದರಲ್ಲಿ ಇಬ್ಬರೂ ಒಂದೇ ಜೇಬುಪುಸ್ತಕಕ್ಕೆ ಬಗ್ಗಿದ್ದಾರೆ. ಇವನ್ನು ಮತ್ತೆ ಒಯ್ಯಬಹುದೇ?

ಉತ್ತರ: ಇವತ್ತೇ ಫೋನ್ ಮಾಡಿ. ಆಲ್ಬಮ್‌ಗೆ ಅಂಟಿದ್ದರೆ ಕೀಳಲು ಹೋಗಬೇಡಿ, ಆಲ್ಬಮ್ಮನ್ನೇ ಒಯ್ಯಿರಿ.